ದಿನಕ್ಕೆ ಹದಿನಾರು ರೂಪಾಯಿ

ಕಳೆದ ವರ್ಷ ನಮ್ಮ ಬಳಗದ ವಾರ್ಷಿಕೋತ್ಸವಕ್ಕೆ ಬರುವವರಿಗೆಲ್ಲ ಒಂದೊಂದು ಬಟ್ಟೆಯ ಕೈಚೀಲವನ್ನು ಕೊಡುವುದೆಂದು ನಿಶ್ಚಯಿಸಿದೆವು. ಮುನ್ನೂರು ಚೀಲ; ಒಂದು ಬದಿಗೆ ಬಳಗದ ಹೆಸರು, ಇನ್ನೊಂದು ಬದಿಗೆ ಕನ್ನಡದ ಅಕ್ಷರಮಾಲೆ. ಮೂರು ಕಡೆ ದರ ಕೇಳಿ, ಎಲ್ಲಕ್ಕಿಂತ ಕಡಿಮೆ ಹೇಳಿದವರಿಗೆ ಕೆಲಸ ಒಪ್ಪಿಸಿದೆವು. ಆಮೇಲೂ ಚೌಕಾಸಿ ಮಾಡಿ ಚೀಲವೊಂದಕ್ಕೆ ನಾಲ್ಕು ರೂಪಾಯಿ ಇಳಿಸಿಕೊಂಡೆವು. ಕಾರ್ಯಕ್ರಮಕ್ಕೆ ಐದು ದಿನವಿರುವಾಗ ಅಕ್ಷರದ ವಿನ್ಯಾಸವನ್ನು ಬದಲಿಸಿ, ಗಡುವನ್ನು ಮಾತ್ರ ಹಾಗೆಯೇ ಉಳಿಸಿದೆವು. ಚೀಲಗಳು ಹೊತ್ತಿಗೆ ಸರಿಯಾಗಿ ಬಂದವು. ವಂದನಾರ್ಪಣೆಯಲ್ಲಿ ಅವುಗಳನ್ನು ತಂದುಕೊಟ್ಟ ಮಧ್ಯವರ್ತಿಗೂ ಕೃತಜ್ಞತೆ ಹೇಳಿದೆವು.

ಮುಂದಿನ ತಿಂಗಳ ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಒಂದು ಪ್ರಶ್ನೆ ಕೇಳಿದರು: "ಈ ಚೀಲಗಳನ್ನು ಹೊಲಿದವರು ಯಾರು? ಯಾವ ಹೊತ್ತಿನಲ್ಲಿ ಹೊಲಿದರು?" ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಧಾರಾವಿಯ ಯಾವುದೋ ಮಾಳಿಗೆಯಲ್ಲಿ ಎಂಬಲ್ಲಿಗೆ ನಮ್ಮ ತಿಳಿವಳಿಕೆ ಮುಗಿದಿತ್ತು. ನಾವು ಇಳಿಸಿಕೊಂಡ ನಾಲ್ಕು ರೂಪಾಯಿ ಮಧ್ಯವರ್ತಿಯ ಲಾಭದಿಂದ ಹೋಯಿತೋ, ಹೊಲಿದವರ ಕೂಲಿಯಿಂದ ಹೋಯಿತೋ? ನಾವು ಬದಲಿಸಿದ ವಿನ್ಯಾಸಕ್ಕಾಗಿ ಯಾರು ಎಷ್ಟು ರಾತ್ರಿ ನಿದ್ದೆಗೆಟ್ಟರು? ಇದನ್ನು ನಾವು ಕೇಳಿರಲೇ ಇಲ್ಲ. ಆಗ ನಮಗೆ ಹೊಳೆದದ್ದು ಇಷ್ಟು: ಜಗತ್ತಿನ ದೊಡ್ಡ ಉಡುಪು ಕಂಪನಿಗಳನ್ನು ಯಾವ ನಡವಳಿಕೆಗಾಗಿ ನಾವು ಟೀಕಿಸುತ್ತೇವೆಯೋ, ಅದನ್ನೇ ಮುನ್ನೂರು ಚೀಲಗಳ ಮಟ್ಟದಲ್ಲಿ ನಾವೂ ಮಾಡಿದ್ದೆವು.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು. ಉಡುಪು ಕಂಪನಿಯೊಂದು ಮಾನವ ಹಕ್ಕುಗಳನ್ನು ಗೌರವಿಸುತ್ತದೆಯೋ ಇಲ್ಲವೋ ಎಂಬುದನ್ನು ಅದರ ಜಾಲತಾಣದಲ್ಲಿರುವ ನೀತಿಪತ್ರದಲ್ಲಿ ಹುಡುಕಬಾರದು. ಅದು ಕೊಡುವ ದರದಲ್ಲಿ, ವಿಧಿಸುವ ಗಡುವಿನಲ್ಲಿ, ಸಹಿ ಹಾಕುವ ಒಪ್ಪಂದದಲ್ಲಿ ಹುಡುಕಬೇಕು ಎಂಬುದು ನಮ್ಮ ಅಭಿಪ್ರಾಯ.

ನೀತಿಪತ್ರಗಳಿಗೇನೂ ಕೊರತೆಯಿಲ್ಲ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಉದ್ಯಮ ಮತ್ತು ಮಾನವ ಹಕ್ಕುಗಳ ಕುರಿತ ಮಾರ್ಗದರ್ಶಿ ತತ್ತ್ವಗಳನ್ನು ಅನುಮೋದಿಸಿತು. ಅವುಗಳ ತಿರುಳು ಮೂರು ಮಾತುಗಳಲ್ಲಿದೆ: ಹಕ್ಕುಗಳನ್ನು ರಕ್ಷಿಸುವುದು ಸರಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಹೊಣೆ, ಹಾನಿಯಾದಾಗ ಪರಿಹಾರ ದೊರಕುವಂತೆ ನೋಡುವುದು ಇಬ್ಬರ ಕೆಲಸ. ಕಂಪನಿಯ ಹೊಣೆ ತನ್ನ ಕಟ್ಟಡದ ಗೋಡೆಗೆ ಮುಗಿಯುವುದಿಲ್ಲ, ವ್ಯವಹಾರ ಸಂಬಂಧಗಳ ಮೂಲಕ ತನ್ನ ಸರಕಿಗೆ ನೇರವಾಗಿ ತಗುಲಿಕೊಂಡ ಹಾನಿಗೂ ಅದು ಉತ್ತರ ಹೇಳಬೇಕು ಎಂದು ಆ ತತ್ತ್ವಗಳು ಸ್ಪಷ್ಟವಾಗಿ ಹೇಳಿದವು. ನಮ್ಮ ದೇಶದಲ್ಲಿಯೂ ಷೇರು ಪೇಟೆಯ ಅಗ್ರ ಸಾವಿರ ಕಂಪನಿಗಳು 2022-23ರಿಂದ ಸೆಬಿಯ ನಿಯಮದಂತೆ ತಮ್ಮ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯವಾಗಿ ಸಲ್ಲಿಸುತ್ತವೆ. ಆ ವರದಿಯ ಐದನೆಯ ತತ್ತ್ವವೇ ಮಾನವ ಹಕ್ಕು. ಆದರೆ ವರದಿಯಲ್ಲಿ ಭರ್ತಿಯಾದ ಕೋಷ್ಟಕಕ್ಕೂ ಹೊಲಿಗೆ ಯಂತ್ರದ ಮುಂದೆ ಕುಳಿತವಳ ಸಂಬಳದ ಚೀಟಿಗೂ ನಡುವೆ ಬಹಳ ದೂರವಿದೆ. ಆ ದೂರ ಎಷ್ಟೆಂಬುದನ್ನು ಕರ್ನಾಟಕದ ಉದಾಹರಣೆಯಿಂದಲೇ ಅಳೆಯಬಹುದು.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಿಂದ ರಾಮನಗರ, ಮದ್ದೂರು, ದೊಡ್ಡಬಳ್ಳಾಪುರಗಳವರೆಗೆ ಸಿದ್ಧ ಉಡುಪಿನ ಕಾರ್ಖಾನೆಗಳು ಹರಡಿವೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅವರ ಕನಿಷ್ಠ ವೇತನಕ್ಕೆ, ಜೀವನವೆಚ್ಚ ಏರಿದಂತೆ, ಪ್ರತಿ ವರ್ಷ ಏಪ್ರಿಲಿನಲ್ಲಿ ತುಟ್ಟಿಭತ್ಯೆ ಸೇರುತ್ತದೆ. 2020ರ ಏಪ್ರಿಲಿನಲ್ಲಿ ಸೇರಬೇಕಾಗಿದ್ದ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ ದಿನಕ್ಕೆ ಹದಿನಾರು ರೂಪಾಯಿ. ಕೋವಿಡ್‌ನ ಕಾರಣವೊಡ್ಡಿ ರಾಜ್ಯ ಸರಕಾರ ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘ ನ್ಯಾಯಾಲಯದ ಮೆಟ್ಟಿಲೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಭತ್ಯೆಯನ್ನು ಕೊಡಲೇಬೇಕೆಂದು ಹೈಕೋರ್ಟು ಹೇಳಿತು. ಆದರೂ ಹಣ ಕೈಗೆ ಬರಲಿಲ್ಲ. ವರ್ಕರ್ ರೈಟ್ಸ್ ಕನ್ಸಾರ್ಷಿಯಮ್ ಎಂಬ ಸಂಸ್ಥೆಯ ಅಂದಾಜಿನಂತೆ ಹೀಗೆ ವಂಚಿತರಾದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಈ ಕಾರ್ಖಾನೆಗಳಿಂದ ಬಟ್ಟೆ ಕೊಳ್ಳುತ್ತಿದ್ದ ಅಂತಾರಾಷ್ಟ್ರೀಯ ಬ್ರ್ಯಾಂಡ್‌ಗಳ ಹೆಸರು 2021ರ ಕೊನೆಯಲ್ಲಿ ವಿದೇಶಿ ಪತ್ರಿಕೆಗಳಲ್ಲಿ ಬಂದ ಮೇಲೆಯೇ, 2022ರ ಆರಂಭದಲ್ಲಿ, ದೊಡ್ಡ ರಫ್ತುದಾರರು ಬಾಕಿ ತೀರಿಸಲು ಮುಂದಾದರು.

ಈ ಪ್ರಕರಣದಲ್ಲಿ ಕಾನೂನಿತ್ತು, ನ್ಯಾಯಾಲಯದ ಮಾತಿತ್ತು, ಕೊಳ್ಳುವ ಬ್ರ್ಯಾಂಡ್‌ಗಳ ನೀತಿಪತ್ರಗಳಲ್ಲಿ 'ಸ್ಥಳೀಯ ಕಾನೂನಿನಂತೆ ಕನಿಷ್ಠ ವೇತನ' ಎಂಬ ವಾಕ್ಯವೂ ಇತ್ತು. ಇಲ್ಲದೆ ಹೋದದ್ದು ದಿನಕ್ಕೆ ಹದಿನಾರು ರೂಪಾಯಿ. ಅದು ಹೊಲಿಯುವವಳಿಗೆ ಎಷ್ಟು ದೊಡ್ಡದೆಂಬುದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಮಗುವಿದ್ದರೆ ದಿನದ ಹಾಲಿನ ಖರ್ಚಿನ ಒಂದು ಭಾಗ. ಕೊಳ್ಳುವವನಿಗೆ ಎಷ್ಟು ಚಿಕ್ಕದೆಂಬುದನ್ನು ಮಾತ್ರ ಲೆಕ್ಕ ಹಾಕಿ ನೋಡೋಣ. ಮೂವತ್ತು ಜನರ ಒಂದು ಸಾಲು ದಿನಕ್ಕೆ ಮುನ್ನೂರು ಅಂಗಿಗಳನ್ನು ಹೊಲಿಯುತ್ತದೆಂದು ಇಟ್ಟುಕೊಂಡರೆ, ಅಷ್ಟೂ ಜನರ ಹದಿನಾರು ರೂಪಾಯಿ ಸೇರಿ 480 ರೂಪಾಯಿ. ಅಂಗಿಯೊಂದರ ಮೇಲೆ ಬೀಳುವುದು ಒಂದು ರೂಪಾಯಿ ಅರವತ್ತು ಪೈಸೆ. ಲಂಡನ್ನಿನ ಅಂಗಡಿಯಲ್ಲಾಗಲಿ ನಮ್ಮ ಮಾಲುಗಳಲ್ಲಾಗಲಿ ಆ ಅಂಗಿಯ ಬೆಲೆಚೀಟಿಯಲ್ಲಿ ಈ ಮೊತ್ತ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಿದ್ದರೂ ಕಾರ್ಖಾನೆಯವರು ಅದಕ್ಕೆ ಯಾಕೆ ಅಷ್ಟು ಬಿಗಿ ಹಿಡಿದರು? ಅವರೆಲ್ಲ ದುಷ್ಟರೆಂದು ಹೇಳಿ ಮುಗಿಸುವುದು ಸುಲಭ, ಆದರೆ ಅರ್ಧ ಸತ್ಯ. ಈ ವ್ಯಾಪಾರದಲ್ಲಿ ಬಟ್ಟೆ, ದಾರ, ಗುಂಡಿ, ಕೂಲಿ ಎಲ್ಲಕ್ಕೂ ಮೊದಲು ಹಣ ಹಾಕುವವರು ಕಾರ್ಖಾನೆಯವರು. ಬ್ರ್ಯಾಂಡಿನಿಂದ ಅವರಿಗೆ ಹಣ ಬರುವುದು ಸರಕು ಸಾಗಿಸಿದ ಮೇಲೆ, ಹಲವು ಸಲ ಅದಕ್ಕೂ ಎಷ್ಟೋ ವಾರಗಳ ನಂತರ. 2020ರ ಮಾರ್ಚಿನಲ್ಲಿ ಅಂಗಡಿಗಳು ಮುಚ್ಚಿದಾಗ ಅನೇಕ ದೊಡ್ಡ ಬ್ರ್ಯಾಂಡ್‌ಗಳು ಹೊಲಿದು ಸಿದ್ಧವಾಗಿದ್ದ ಸರಕನ್ನೂ ಬೇಡವೆಂದವು, ಇಲ್ಲವೆ ರಿಯಾಯಿತಿ ಕೇಳಿದವು. ದರವನ್ನು ಮೇಲಿನಿಂದ ಒತ್ತಿದಾಗ ಕೆಳಗೆ ಬಗ್ಗುವುದು ಏನು? ಬಟ್ಟೆಯ ಬೆಲೆ ಬಗ್ಗುವುದಿಲ್ಲ, ವಿದ್ಯುತ್ತಿನ ಬಿಲ್ಲು ಬಗ್ಗುವುದಿಲ್ಲ, ಬ್ಯಾಂಕಿನ ಬಡ್ಡಿ ಬಗ್ಗುವುದಿಲ್ಲ. ಬಗ್ಗಿಸಬಹುದಾದದ್ದು ಮನುಷ್ಯರನ್ನು. ಗಂಟೆಯ ಟಾರ್ಗೆಟ್ ಏರುತ್ತದೆ. ಶೌಚಾಲಯಕ್ಕೆ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಸೂಪರ್‌ವೈಸರನ ಬೈಗುಳ ಉತ್ಪಾದನೆಯ ಸಾಧನವಾಗುತ್ತದೆ. ದರದ ಹಾಳೆಗೆ ಸಹಿ ಹಾಕಿದವರು ಈ ಬೈಗುಳವನ್ನು ಎಂದೂ ಕೇಳಿರುವುದಿಲ್ಲ. ನಮ್ಮ ಚೀಲಗಳ ನಾಲ್ಕು ರೂಪಾಯಿಯೂ ಹೀಗೆಯೇ ಎಲ್ಲೋ ಯಾರನ್ನೋ ಬಗ್ಗಿಸಿರಬೇಕು.

ಇದಕ್ಕೆ ಕಂಪನಿಗಳ ರೂಢಿಯ ಉತ್ತರ ಒಂದಿದೆ: 'ನಾವು ತಪಾಸಣೆ ಮಾಡಿಸುತ್ತೇವೆ.' ತಪಾಸಣೆಯ ಚರಿತ್ರೆ ನಂಬಿಕೆ ಹುಟ್ಟಿಸುವಂಥದಲ್ಲ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದಾಗ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿದ್ದವು, ಬಾಗಿಲುಗಳಿಗೆ ಬೀಗ ಬಿದ್ದಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಅಂತಾರಾಷ್ಟ್ರೀಯ ಸಾಮಾಜಿಕ ಮಾನದಂಡದ ಪ್ರಮಾಣಪತ್ರ ದೊರಕಿತ್ತು. ಮರುವರ್ಷ, 2013ರ ಏಪ್ರಿಲ್ 24ರಂದು, ಢಾಕಾದ ಹೊರವಲಯದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿಯಿತು. ಸತ್ತವರು 1,100ಕ್ಕೂ ಹೆಚ್ಚು. ಅಲ್ಲಿದ್ದ ಕಾರ್ಖಾನೆಗಳಲ್ಲಿ ಕೆಲವನ್ನೂ ಬ್ರ್ಯಾಂಡ್‌ಗಳ ಪರವಾಗಿ ತಪಾಸಣೆ ಮಾಡಲಾಗಿತ್ತು.

ರಾಣಾ ಪ್ಲಾಜಾದ ಒಂದು ವಿವರವನ್ನು ನಾವು ಮರೆಯಬಾರದು. ಕಟ್ಟಡದಲ್ಲಿ ಬಿರುಕು ಕಾಣಿಸಿಕೊಂಡದ್ದು ಹಿಂದಿನ ದಿನವೇ. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು, ಅಂಗಡಿಗಳು ಮುಚ್ಚಿದವು. ಮೇಲಿನ ಮಹಡಿಗಳ ಹೊಲಿಗೆಯವರು ಮರುದಿನ ಬೆಳಿಗ್ಗೆ ಒಳಗೆ ಹೋಗಬೇಕಾಯಿತು, ಯಾಕೆಂದರೆ ಹೋಗದಿದ್ದರೆ ಸಂಬಳವಿಲ್ಲವೆಂಬ ಬೆದರಿಕೆಯಿತ್ತು, ಸರಕು ಹೊರಡುವ ಗಡುವು ಹತ್ತಿರವಿತ್ತು. ಬಿರುಕನ್ನು ಎಲ್ಲರೂ ಕಂಡಿದ್ದರು. ಆದರೆ 'ನಾನು ಒಳಗೆ ಬರುವುದಿಲ್ಲ' ಎಂದು ಹೇಳಿ ಕೆಲಸ ಉಳಿಸಿಕೊಳ್ಳುವ ಬಲ ಎಲ್ಲರಿಗೂ ಇರಲಿಲ್ಲ. ಆ ಕಾರ್ಖಾನೆಗಳಲ್ಲಿ ಕಾರ್ಮಿಕ ಸಂಘವಿರಲಿಲ್ಲ. ಮಾನವ ಹಕ್ಕೆಂಬುದು ಕೊನೆಗೆ ಬಂದು ನಿಲ್ಲುವುದು ಈ ಒಂದು ಮಾತಿನಲ್ಲಿ ಎಂದು ನಮಗೆ ತೋರುತ್ತದೆ: ಹೆದರದೆ 'ಇಲ್ಲ' ಎನ್ನುವ ಶಕ್ತಿ.

ಆ ಶಕ್ತಿಯನ್ನು ಕರ್ನಾಟಕದ ಹೆಂಗಸರು ತೋರಿಸಿಕೊಟ್ಟಿದ್ದಾರೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ, ಭವಿಷ್ಯನಿಧಿಯಲ್ಲಿ ಮಾಲಿಕರು ಕಟ್ಟಿದ ಪಾಲನ್ನು ಕಾರ್ಮಿಕರು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ನಿಯಮ ತಂದಿತು. ಮಗಳ ಮದುವೆಗೆ, ಊರಿನ ಸಾಲಕ್ಕೆ, ಕೆಲಸ ಬಿಟ್ಟ ತಿಂಗಳುಗಳ ಅನ್ನಕ್ಕೆ ಅದೊಂದೇ ಗಂಟು ಇದ್ದವರಿಗೆ ಈ ನಿಯಮ ಸಿಡಿಲಿನಂತೆ ಎರಗಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ ಕಾರ್ಮಿಕರು ಹೆದ್ದಾರಿಗಳಿಗಿಳಿದರು. ಯಾವ ಪಕ್ಷವೂ ಯಾವ ದೊಡ್ಡ ನಾಯಕನೂ ಅವರನ್ನು ಕರೆತಂದಿರಲಿಲ್ಲ. ಲಾಠಿ ಬೀಸಿತು, ಬಸ್ಸುಗಳಿಗೆ ಬೆಂಕಿಯೂ ಬಿದ್ದಿತು. ಎರಡನೆಯ ದಿನವೇ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ದುಡಿಯುವವರಿಗೆ, ಮುಂಬಯಿಯ ಕಚೇರಿಗಳಲ್ಲಿದ್ದ ನಮ್ಮಂಥವರಿಗೂ, ದಕ್ಕಿದ ಲಾಭ ಅದು. ಅದಕ್ಕಾಗಿ ಪೀಣ್ಯದ ಹೆಂಗಸರಿಗೆ ಧನ್ಯವಾದ ಹೇಳಿದ ಒಂದು ಲೇಖನವೂ ಅಂದು ನಮ್ಮ ಬಳಗದಿಂದ ಹೊರಡಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ನೆನೆಯಬೇಕಾಗಿದೆ.

ನಾಲ್ಕು ವರ್ಷದ ಮೇಲೆ ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಪರೀಕ್ಷೆ ಎದುರಾಯಿತು. 2020ರ ಜೂನಿನಲ್ಲಿ ದೊಡ್ಡ ರಫ್ತು ಕಂಪನಿಯೊಂದರ ಅಲ್ಲಿಯ ಘಟಕ, ಆರ್ಡರ್ ಇಲ್ಲವೆಂದು, ಸುಮಾರು ಸಾವಿರದ ಇನ್ನೂರು ಜನರನ್ನು ಕೆಲಸದಿಂದ ಹೊರಗಿರಿಸಿತು. ಆ ಕಂಪನಿಯ ಘಟಕಗಳಲ್ಲಿ ಕಾರ್ಮಿಕ ಸಂಘ ಬಲವಾಗಿ ಬೇರೂರಿದ್ದದ್ದು ಅಲ್ಲಿಯೇ. ಕೆಲಸಗಾರರು ವಾರಗಟ್ಟಲೆ ಗೇಟಿನ ಮುಂದೆ ಕುಳಿತರು. ಅಲ್ಲಿ ಹೊಲಿಯುತ್ತಿದ್ದದ್ದು ಮುಖ್ಯವಾಗಿ ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗಾಗಿ. ಆ ಕಂಪನಿಗೂ ಜಾಗತಿಕ ಕಾರ್ಮಿಕ ಒಕ್ಕೂಟವಾದ ಇಂಡಸ್ಟ್ರಿಆಲ್‌ಗೂ ಸಂಘಟನೆಯ ಹಕ್ಕಿನ ಕುರಿತು ಮೊದಲೇ ಒಂದು ಒಪ್ಪಂದವಿತ್ತು. ಅಷ್ಟಿದ್ದೂ ಘಟಕ ಮುಚ್ಚಿಯೇಹೋಯಿತು. ಕಾರ್ಮಿಕರನ್ನು ಮೈಸೂರಿನ ಸುತ್ತಲಿನ ಘಟಕಗಳಲ್ಲಿ ಮರಳಿ ಸೇರಿಸಿಕೊಳ್ಳಲು, ಸಂಘವನ್ನು ಮನ್ನಿಸಲು ಒಪ್ಪಂದವಾದದ್ದು 2021ರಲ್ಲಿ. ಗೆಲುವೆಂದೂ ಸೋಲೆಂದೂ ಪೂರ್ತಿ ಹೇಳಲಾಗದ ಈ ಪ್ರಕರಣದಿಂದ ನಾವು ಕಲಿಯುವುದು ಒಂದನ್ನು: ಸಂಘಟನೆ ಇದ್ದುದರಿಂದಲೇ ಮಾತುಕತೆಯ ಮೇಜಿನಲ್ಲಿ ಹೊಲಿಗೆಯವರಿಗೆ ಒಂದು ಕುರ್ಚಿ ಸಿಕ್ಕಿತು.

ಹಾಗಾದರೆ ಏನು ಮಾಡಿದರೆ ಬದಲಾಗುತ್ತದೆ? ಉತ್ತರ ನಮ್ಮ ಉಪಖಂಡದಲ್ಲಿಯೇ ಇದೆ. ರಾಣಾ ಪ್ಲಾಜಾದ ಮರುತಿಂಗಳು ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಸೇರಿ ಬಾಂಗ್ಲಾದೇಶ ಅಕಾರ್ಡ್ ಎಂಬ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ವಿಶೇಷ ಅದು ವಾಗ್ದಾನವಲ್ಲ, ಕಾನೂನಿನ ಬಲವುಳ್ಳ ಕರಾರು ಎಂಬುದರಲ್ಲಿತ್ತು. ಸ್ವತಂತ್ರ ಇಂಜಿನಿಯರುಗಳು ಕಟ್ಟಡಗಳನ್ನು ಪರಿಶೀಲಿಸಿದರು. ವರದಿಗಳನ್ನು ಗುಟ್ಟಾಗಿಡದೆ ಪ್ರಕಟಿಸಲಾಯಿತು. ದುರಸ್ತಿ ಮಾಡದ ಕಾರ್ಖಾನೆಯೊಂದಿಗೆ ವ್ಯಾಪಾರ ಕಡಿಯಬೇಕಾಗಿತ್ತು. ಅಪಾಯ ಕಂಡಾಗ ಕೆಲಸ ನಿರಾಕರಿಸುವ ಹಕ್ಕು ಕಾರ್ಮಿಕರಿಗೆ ಲಿಖಿತವಾಗಿ ಬಂತು. ಇನ್ನೂರಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸೇರಿದ ಆ ಒಪ್ಪಂದದಿಂದ ಸಾವಿರಾರು ಕಾರ್ಖಾನೆಗಳ ತಂತಿ, ಬಾಗಿಲು, ಕಂಬಗಳು ಸರಿಯಾದವು.

ತಮಿಳುನಾಡಿನ ದಿಂಡಿಗಲ್ ಇನ್ನೊಂದು ಸಾಕ್ಷಿ. 2021ರ ಜನವರಿಯಲ್ಲಿ ಅಲ್ಲಿಯ ಕಾರ್ಖಾನೆಯೊಂದರ ದಲಿತ ಯುವತಿ ಕೊಲೆಯಾದಳು. ಕೊಲೆಯ ಆರೋಪ ಬಂದದ್ದು ಅವಳ ಮೇಲ್ವಿಚಾರಕನ ಮೇಲೆ. ಲೈಂಗಿಕ ಕಿರುಕುಳದ ದೂರುಗಳು ಅಲ್ಲಿ ಹೊಸತಾಗಿರಲಿಲ್ಲ. ಹೆಂಗಸರ ನೇತೃತ್ವದ ಸ್ಥಳೀಯ ಕಾರ್ಮಿಕ ಸಂಘ ಪಟ್ಟು ಬಿಡದೆ ಹೋರಾಡಿದ್ದರಿಂದ 2022ರಲ್ಲಿ ಕಾರ್ಖಾನೆಯ ಒಡೆತನದ ಕಂಪನಿಯೂ ಬ್ರ್ಯಾಂಡ್‌ಗಳೂ ದಿಂಡಿಗಲ್ ಒಪ್ಪಂದಕ್ಕೆ ಸಹಿ ಹಾಕಿದವು. ಕೆಲಸಗಾರ್ತಿಯರೇ ತರಬೇತಿ ಪಡೆದು ತಮ್ಮ ತಮ್ಮ ಸಾಲುಗಳಲ್ಲಿ ನಿಗಾ ಇಡುತ್ತಾರೆ, ದೂರನ್ನು ಮುಟ್ಟಿಸುತ್ತಾರೆ. ಕಾರ್ಖಾನೆ ಮಾತು ತಪ್ಪಿದರೆ ಬ್ರ್ಯಾಂಡ್ ವ್ಯಾಪಾರದ ಮೂಲಕವೇ ಒತ್ತಡ ಹೇರಬೇಕು. ವರ್ಷಕ್ಕೊಮ್ಮೆ ಬಂದುಹೋಗುವ ತಪಾಸಕ ಕಾಣದ್ದನ್ನು ಪ್ರತಿದಿನ ಪಕ್ಕದ ಯಂತ್ರದಲ್ಲಿ ಕುಳಿತವಳು ಕಾಣುತ್ತಾಳೆ ಎಂಬ ಸರಳ ತಿಳಿವಳಿಕೆ ಇದರ ಹಿಂದಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ನಮ್ಮ ಸಭೆಯಲ್ಲಿಯೂ ಅದು ಬಂತು. ಬೆಂಗಳೂರಿನಲ್ಲಿ ಕೂಲಿ ಏರಿದರೆ ಕೆಲಸ ಇನ್ನೊಂದು ರಾಜ್ಯಕ್ಕೋ ಇನ್ನೊಂದು ದೇಶಕ್ಕೋ ಹೋಗುತ್ತದೆ, ಆಗ ಹದಿನಾರು ರೂಪಾಯಿಯೂ ಇಲ್ಲ, ಸಂಬಳವೂ ಇಲ್ಲ ಎಂಬುದು ಅದರ ಸಾರ. ಈ ಭಯ ಸುಳ್ಳಲ್ಲ. ಮಂಡ್ಯ, ತುಮಕೂರುಗಳ ಹಳ್ಳಿಗಳ ಅದೆಷ್ಟೋ ಹೆಂಗಸರ ಕೈಗೆ ಮೊದಲ ಬಾರಿಗೆ ಸ್ವಂತ ಬ್ಯಾಂಕ್ ಖಾತೆ ಬಂದದ್ದು ಗಾರ್ಮೆಂಟ್ ಕೆಲಸದಿಂದಲೇ. ಅದನ್ನು ಹಗುರವಾಗಿ ಕಾಣುವ ಹಕ್ಕು ದೂರದಲ್ಲಿ ಕುಳಿತ ನಮಗಿಲ್ಲ. ಆದರೆ ಈ ವಾದ ನಿಜವಾಗಿ ಹೇಳುವುದೇನೆಂದರೆ ಒಂದೂರಿನ ಬಡತನವನ್ನು ಇನ್ನೊಂದೂರಿನ ಬಡತನದ ಎದುರು ಹರಾಜಿಗಿಡಲು ಕೊಳ್ಳುವವರಿಗೆ ಅವಕಾಶವಿದೆ ಎಂದು. ಅದಕ್ಕೆ ಮದ್ದು ಕಡಿಮೆ ಹಕ್ಕಲ್ಲ. ಎಲ್ಲಿ ಹೋದರೂ ಬ್ರ್ಯಾಂಡಿನ ಬೆನ್ನು ಬಿಡದ ಕರಾರು. ಯುರೋಪಿಯನ್ ಒಕ್ಕೂಟ 2024ರಲ್ಲಿ ದೊಡ್ಡ ಕಂಪನಿಗಳಿಗೆ ಪೂರೈಕೆಯ ಸರಪಳಿಯುದ್ದಕ್ಕೂ ಹೊಣೆ ಹೊರಿಸುವ ಕಾನೂನನ್ನು ಅಂಗೀಕರಿಸಿದ್ದು ಈ ದಿಕ್ಕಿನಲ್ಲಿಯೇ. ಮರುವರ್ಷದಿಂದಲೇ ಅದನ್ನು ಸಡಿಲಿಸುವ ಕೆಲಸವೂ ಶುರುವಾಯಿತೆಂಬುದು ಆ ಕಾನೂನು ಯಾರನ್ನು ಚುಚ್ಚಿತೆಂದು ತಿಳಿಸುತ್ತದೆ.

ಸಾಹಿತ್ಯದ ಬಳಗವೊಂದಕ್ಕೆ ಈ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಈ ನಗರದ ಕನ್ನಡ ಬರಹ ಕಾರ್ಮಿಕರ ಲೋಕವನ್ನು ಹೊರಗಿಟ್ಟು ಬೆಳೆದದ್ದಲ್ಲ; ವ್ಯಾಸರಾಯ ಬಲ್ಲಾಳರ 'ಬಂಡಾಯ' ಮುಂಬಯಿಯ ಕಾರ್ಮಿಕ ಹೋರಾಟವನ್ನು ಕನ್ನಡದ ಕಾದಂಬರಿಗೆ ತಂದಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಇಲ್ಲಿಯ ಗಿರಣಿಗಳ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೂಡಿದ ಮುಷ್ಕರದ ನಂತರ ಒಂದೊಂದೇ ಗಿರಣಿ ನಿಂತಿತು. ಇಂದು ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದ ಮೇಲೆ ಮಾಲು ನಿಂತಿದೆ. ಒಂದು ಕಾಲಕ್ಕೆ ಬಟ್ಟೆ ತಯಾರಾಗುತ್ತಿದ್ದ ಜಾಗದಲ್ಲಿ ಈಗ ಜಗತ್ತಿನ ಬ್ರ್ಯಾಂಡ್‌ಗಳ ಬಟ್ಟೆ ಮಾರಾಟವಾಗುತ್ತದೆ. ಮಾಡುವವರು ಕಣ್ಣೆದುರಿನಿಂದ ಮರೆಯಾದರು, ಬಟ್ಟೆ ಉಳಿಯಿತು.

ಇನ್ನೂ ಹಿಂದೆ ಹೋದರೆ, ನೇಯುವ ದಾಸಿಮಯ್ಯನನ್ನೂ ಸೂಜಿಕಾಯಕದ ರಾಮಿತಂದೆಯನ್ನೂ ವಚನಕಾರರ ಸಾಲಿನಲ್ಲಿ ಕೂರಿಸಿದ ಭಾಷೆ ನಮ್ಮದು. ಕಾಯಕದ ಹಿರಿಮೆಯನ್ನು ನಾವು ಪ್ರತಿ ವರ್ಷ ಭಾಷಣಗಳಲ್ಲಿ ಹಾಡಿ ಹೊಗಳುತ್ತೇವೆ. ಆದರೆ ಕಾಯಕವನ್ನು ಹೊಗಳಿ ಕೂಲಿಯಲ್ಲಿ ಚೌಕಾಸಿ ಮಾಡುವುದು ಆ ಪರಂಪರೆಗೆ ಮಾಡುವ ಅಪಚಾರ.

ಬ್ರ್ಯಾಂಡ್‌ಗಳಿಂದ ನಾವು ಕೇಳಬೇಕಾದದ್ದು ಮೂರೇ ಸಂಗತಿ. ತಮ್ಮ ಬಟ್ಟೆ ಎಲ್ಲೆಲ್ಲಿ ಹೊಲಿಯಲ್ಪಡುತ್ತದೆ ಎಂಬ ಪಟ್ಟಿಯನ್ನು ಬಹಿರಂಗವಾಗಿ ಪ್ರಕಟಿಸಲಿ. ಕಾನೂನಿನ ಕೂಲಿ ಏರಿದಾಗ ತಾವು ಕೊಡುವ ದರವನ್ನೂ ಅಷ್ಟೇ ಏರಿಸುವುದಾಗಿ ಬರೆದುಕೊಡಲಿ. ಹೊಲಿಯುವವರ ಸಂಘದೊಂದಿಗೆ ನ್ಯಾಯಾಲಯದಲ್ಲಿ ನಿಲ್ಲಬಲ್ಲ ಕರಾರು ಮಾಡಿಕೊಳ್ಳಲಿ. ದೇಶೀಯ ಕಂಪನಿಗಳಿಗೂ ಇದೇ ಮಾತು. ವಿದೇಶಿ ಬ್ರ್ಯಾಂಡನ್ನು ಬೈದು ನಮ್ಮ ಊರಿನ ಬ್ರ್ಯಾಂಡಿಗೆ ವಿನಾಯಿತಿ ಕೊಡುವುದು ಸಲ್ಲದು.

ನಮ್ಮ ಮಟ್ಟಿಗೆ ಹೇಳುವುದಾದರೆ, ಈ ವರ್ಷದ ಚೀಲಗಳಿಗೆ ದರ ಕೇಳುವ ಮೊದಲು ಮೂವರು ಸದಸ್ಯರು ಧಾರಾವಿಗೆ ಹೋಗಿ ಹೊಲಿಯುವವರನ್ನೇ ಕಂಡು ಬಂದರು. ಚೀಲವೊಂದಕ್ಕೆ ಅವರಿಗೆ ದಕ್ಕುವುದೆಷ್ಟು, ಮುನ್ನೂರು ಚೀಲಕ್ಕೆ ಹಗಲು ದುಡಿಮೆಯಲ್ಲಿಯೇ ಎಷ್ಟು ದಿನ ಬೇಕು ಎಂದು ಕೇಳಿಕೊಂಡರು. ಹೊಲಿಗೆಯ ಕೂಲಿಯನ್ನು ಬೇರೆಯಾಗಿ ನಮೂದಿಸಿ ಕರಾರು ಬರೆದೆವು. ವಿನ್ಯಾಸವನ್ನು ಮೂರು ವಾರ ಮೊದಲೇ ಅಂತಿಮಗೊಳಿಸಿದೆವು. ಖರ್ಚು ಕಳೆದ ವರ್ಷಕ್ಕಿಂತ ಹೆಚ್ಚಾಯಿತು. ಅದನ್ನು ಹೊಂದಿಸಲು ಊಟದ ಪಟ್ಟಿಯಿಂದ ಎರಡನೆಯ ಸಿಹಿಯನ್ನು ತೆಗೆದಿದ್ದೇವೆ. ವಾರ್ಷಿಕೋತ್ಸವಕ್ಕೆ ಬರುವ ಓದುಗರು ಎಲೆಯ ಮೇಲೆ ಹೋಳಿಗೆಯ ಪಕ್ಕದಲ್ಲಿ ಪಾಯಸ ಕಾಣದಿದ್ದರೆ, ಕಾರಣ ಇದೆಂದು ತಿಳಿಯಬೇಕಾಗಿ ವಿನಂತಿ.